ತಾಯಿ ಓ, ಮಗು ಎಬಿ: ಕೋಲಾರದ ಒಂದು ಬಾಂಬೆ ರಕ್ತದ ಪ್ರಕರಣ

ಇದು ಕೋಲಾರ ಜಿಲ್ಲೆಯ ಒಂದು ರಕ್ತನಿಧಿಗೆ ಬಂದ ಪ್ರಕರಣ. ಅಲ್ಲಿ ಗ್ರೂಪಿಂಗ್ ಮತ್ತು ಕ್ರಾಸ್‌ಮ್ಯಾಚ್ (ದಾನಿಯ ರಕ್ತ ರೋಗಿಗೆ ಹೊಂದುತ್ತದಾ ಅಂತ ನೋಡುವ ಪರೀಕ್ಷೆ) ನೋಡಿಕೊಳ್ಳುವವಳು ನಾನು. ಮನೆಯವರ ಒಪ್ಪಿಗೆ ತಗೊಂಡೇ ಬರೆಯುತ್ತಿದ್ದೇನೆ. ಗುರುತು ಸಿಗಬಾರದು ಅಂತ ಹೆಸರು, ಹಳ್ಳಿ, ಆಸ್ಪತ್ರೆ ಯಾವುದನ್ನೂ ಹೇಳುವುದಿಲ್ಲ.

ಶ್ರೀನಿವಾಸಪುರ ಕಡೆಯ ಮಾವಿನ ತೋಟದ ಮನೆ. ಸೊಸೆಗೆ ಇಪ್ಪತ್ತೈದರ ಆಸುಪಾಸು. ಎರಡನೇ ಬಸುರಿ, ಎಂಟನೇ ತಿಂಗಳು. ಮೊದಲನೇದು ಸಿಸೇರಿಯನ್ ಆಗಿತ್ತು, ಇದೂ ಹಾಗೇ ಆಗಬೇಕು ಅಂತ ಡಾಕ್ಟರು ಮೊದಲೇ ಹೇಳಿದ್ದರು. ಹಿಮೋಗ್ಲೋಬಿನ್ 7.4 ಗ್ರಾಂ. ಎರಡು ಯೂನಿಟ್ ರಕ್ತ ತಯಾರಿಟ್ಟುಕೊಳ್ಳಿ ಅಂತ ಚೀಟಿ ಬಂತು. ತಾಯಿ ಕಾರ್ಡಿನಲ್ಲಿ ಗುಂಪು ‘ಓ ಪಾಸಿಟಿವ್’ ಅಂತಿತ್ತು. ಅದನ್ನು ಬರೆದವರು ಎಲ್ಲೋ ಒಂದು ಕಡೆ ಸ್ಲೈಡ್ ಮೇಲೆ ಎರಡು ಹನಿ ಹಾಕಿ ನೋಡಿದ್ದರು. ಮೊದಲ ಹೆರಿಗೆಯಲ್ಲಿ ರಕ್ತ ಹಾಕುವ ಪ್ರಸಂಗ ಬರಲಿಲ್ಲ, ಹಾಗಾಗಿ ಯಾರೂ ಮತ್ತೆ ನೋಡಲಿಲ್ಲ.

ಓ ಪಾಸಿಟಿವ್ ರಕ್ತಕ್ಕೆ ನಮ್ಮಲ್ಲಿ ಕೊರತೆ ಕಡಿಮೆ. ಅವತ್ತೂ ಫ್ರಿಜ್‌ನಲ್ಲಿ ಬೇಕಾದಷ್ಟಿತ್ತು.

ಟ್ಯೂಬಿನಲ್ಲಿ ಕಂಡದ್ದು

ರಕ್ತದ ಗುಂಪನ್ನು ಎರಡು ಕಡೆಯಿಂದ ನೋಡಬೇಕು. ಮೊದಲು ರೋಗಿಯ ಕೆಂಪು ಕಣಗಳಿಗೆ ಆಂಟಿ-ಎ, ಆಂಟಿ-ಬಿ ದ್ರವ ಹಾಕಿ ನೋಡುವುದು. ಆಮೇಲೆ ರೋಗಿಯ ಸೀರಂಗೆ, ಅಂದರೆ ರಕ್ತದಿಂದ ಕಣಗಳನ್ನು ಬೇರೆ ಮಾಡಿದ ಮೇಲೆ ಉಳಿಯುವ ತಿಳಿ ದ್ರವಕ್ಕೆ, ಗೊತ್ತಿರುವ ಎ ಕಣ, ಬಿ ಕಣ ಹಾಕಿ ನೋಡುವುದು. ಎರಡೂ ಒಂದಕ್ಕೊಂದು ತಾಳೆಯಾಗಬೇಕು. ಈಕೆಯ ಕಣಗಳು ಆಂಟಿ-ಎಗೂ ಅಂಟಲಿಲ್ಲ, ಆಂಟಿ-ಬಿಗೂ ಅಂಟಲಿಲ್ಲ. ಸೀರಂ ಎ ಕಣಗಳನ್ನೂ ಬಿ ಕಣಗಳನ್ನೂ ಜೋರಾಗಿ ಗಟ್ಟಿ ಕಟ್ಟಿತು. ಇಲ್ಲಿಗೆ ನಿಲ್ಲಿಸಿದರೆ ಅದು ಓ ಗುಂಪೇ. ಕಾರ್ಡಿನಲ್ಲಿ ಇರುವುದೂ ಅದೇ.

ನಮ್ಮಲ್ಲಿ ಮೂರನೇ ಟ್ಯೂಬ್ ಒಂದಿರುತ್ತದೆ. ಅದರಲ್ಲಿ ಓ ಕಣ. ಓ ಕಣದ ಮೇಲೆ ಎ ಇಲ್ಲ, ಬಿ ಇಲ್ಲ, ಆದ್ದರಿಂದ ಯಾರ ಸೀರಂ ಹಾಕಿದರೂ ಅದು ಸುಮ್ಮನಿರಬೇಕು. ಸೆಂಟ್ರಿಫ್ಯೂಜ್‌ನಿಂದ ತೆಗೆದು ಬೆಳಕಿಗೆ ಹಿಡಿದು ಮೆಲ್ಲಗೆ ವಾಲಿಸಿದರೆ, ತಳದಲ್ಲಿ ಕೂತ ಕಣಗಳು ಸಡಿಲವಾಗಿ ದ್ರವದಲ್ಲಿ ಕದಡಿಕೊಳ್ಳಬೇಕಿತ್ತು. ಕದಡಲಿಲ್ಲ. ಇಡೀ ಬಟನ್ ಒಂದೇ ಗಟ್ಟಿಯಾಗಿ ತಳ ಬಿಟ್ಟು ಎದ್ದಿತು. ಸುತ್ತಲಿನ ದ್ರವ ತಿಳಿಯಾಗೇ ಉಳಿಯಿತು. ಎ, ಬಿ ಟ್ಯೂಬಿನಲ್ಲಿ ಎಷ್ಟು ಜೋರಿತ್ತೋ ಇಲ್ಲೂ ಅಷ್ಟೇ ಜೋರು.

ಫ್ರಿಜ್‌ನಲ್ಲಿದ್ದ ಓ ಪಾಸಿಟಿವ್ ಬ್ಯಾಗ್‌ಗಳ ಜೊತೆ ಕ್ರಾಸ್‌ಮ್ಯಾಚ್ ಹಾಕಿದೆವು. ಒಂದೂ ಹೊಂದಲಿಲ್ಲ. ಕೋಣೆಯ ತಾಪದಲ್ಲೂ ಅಂಟಿತು, 37 ಡಿಗ್ರಿಯಲ್ಲೂ ಅಂಟಿತು. ಒಂದೆರಡು ಟ್ಯೂಬಿನಲ್ಲಿ ಮೇಲಿನ ದ್ರವ ಕೆಂಪಗೆ ತಿರುಗಿತ್ತು. ಅಂದರೆ ಕಣಗಳು ಬರೀ ಅಂಟುತ್ತಿರಲಿಲ್ಲ, ಒಡೆಯುತ್ತಲೂ ಇದ್ದವು. ಟ್ಯೂಬಿನಲ್ಲಿ ಆದದ್ದು ರಕ್ತನಾಳದಲ್ಲಿ ಆದರೆ ಮೂತ್ರಪಿಂಡ ಕೈಕೊಡುತ್ತದೆ, ಜೀವಕ್ಕೇ ಬರುತ್ತದೆ.

ಎಲ್ಲ ಬ್ಯಾಗೂ ಹೀಗೆ ಅಂಟಿದಾಗ ಮೊದಲು ಬರುವ ಅನುಮಾನ, ರೋಗಿಯ ಸೀರಂ ತನ್ನ ಕಣಗಳ ಮೇಲೇ ತಿರುಗಿಬಿದ್ದಿದೆಯಾ ಅಂತ. ಅದಕ್ಕೆ ಆಕೆಯ ಸೀರಂ ಮತ್ತು ಆಕೆಯದೇ ಕಣ ಸೇರಿಸಿದ ಟ್ಯೂಬ್ ಇಟ್ಟಿದ್ದೆವು. ಅದರಲ್ಲಿ ಏನೂ ಇಲ್ಲ, ನಯವಾಗಿ ಕದಡಿತು. ಜಗತ್ತಿನಲ್ಲಿ ಹೆಚ್ಚುಕಡಿಮೆ ಎಲ್ಲರ ಕಣದ ಮೇಲೂ ಇರುವ ಯಾವುದೋ ಒಂದು ವಸ್ತು ಈಕೆಯ ಕಣದ ಮೇಲೆ ಮಾತ್ರ ಇಲ್ಲ, ಹಾಗಂತ ಆಯಿತು.

ಆ ವಸ್ತು ಯಾವುದು ಅಂತ ಹೇಳಲು ಒಂದು ಗಿಡದ ಬೀಜದ ಸಾರ ಸಾಕು. ಯುಲೆಕ್ಸ್ ಯೂರೋಪಿಯಸ್ ಅಂತ, ಹಳದಿ ಹೂ ಬಿಡುವ ಮುಳ್ಳಿನ ಪೊದೆ. ಯೂರೋಪಿನದು, ಈಗ ನೀಲಗಿರಿ ಬೆಟ್ಟದಲ್ಲೂ ಕಾಡು ಬಿದ್ದು ಬೆಳೆದಿದೆ. ಇದರ ಬೀಜದಲ್ಲಿರುವ ಪ್ರೋಟೀನು ಕೆಂಪು ಕಣದ ಮೇಲಿನ ‘ಎಚ್’ ಎಂಬ ಸಕ್ಕರೆ ರಚನೆಗೆ ಕಚ್ಚಿಕೊಳ್ಳುತ್ತದೆ. ಓ ಗುಂಪಿನ ಕಣಕ್ಕೆ ಹಾಕಿದರೆ ತಕ್ಷಣ ಗಟ್ಟಿಯಾಗುತ್ತದೆ. ಹೋಲಿಕೆಗೆ ಇಟ್ಟಿದ್ದ ನಮ್ಮ ಓ ಕಣ ಹಾಗೇ ಆಯಿತು. ಈಕೆಯ ಕಣ ಏನೂ ಮಾಡಲಿಲ್ಲ.

ಬಾಂಬೆ ರಕ್ತ. 1952ರಲ್ಲಿ ಭೇಂಡೆ ಮತ್ತು ಜೊತೆಗಾರರು ಮುಂಬೈಯ ಮೂವರಲ್ಲಿ ಇದನ್ನು ಕಂಡು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು, ಅದರಿಂದ ಈ ಹೆಸರು. ಯೂರೋಪಿನಲ್ಲಿ ಹತ್ತು ಲಕ್ಷಕ್ಕೆ ಒಬ್ಬರು ಸಿಕ್ಕರೆ ಹೆಚ್ಚು. ನಮ್ಮ ದೇಶದಲ್ಲಿ ಸುಮಾರು 10,000ಕ್ಕೆ ಒಬ್ಬರು ಅಂತ ಹೇಳುವುದು ವಾಡಿಕೆ.

ಓ ಅಂದರೆ ಖಾಲಿ ಅಲ್ಲ

ಓ ಅಂದರೆ ಏನೂ ಇಲ್ಲದ ಕಣ ಅಂತ ಶಾಲೆಯಲ್ಲಿ ಕಲಿತಿರುತ್ತೇವೆ. ಈ ಪ್ರಕರಣದಲ್ಲಿ ತೊಂದರೆ ಶುರುವಾಗುವುದೇ ಆ ಪಾಠದಿಂದ. ಓ ಕಣದ ಮೇಲೆ ಎಚ್ ತುಂಬಿರುತ್ತದೆ. ಎ ಮತ್ತು ಬಿ ಆಗುವುದೂ ಎಚ್ ಮೇಲೆ ಇನ್ನೊಂದು ಸಕ್ಕರೆ ಕೂತಾಗಲೇ.

ಕೆಂಪು ಕಣದ ಪೊರೆಯಿಂದ ಹೊರಕ್ಕೆ ಸಕ್ಕರೆಯ ಸಣ್ಣ ಸಣ್ಣ ಸರಪಣಿಗಳು ಚಾಚಿಕೊಂಡಿರುತ್ತವೆ. ಕೆಲವು ಪ್ರೋಟೀನಿಗೆ ಅಂಟಿರುತ್ತವೆ, ಕೆಲವು ಕೊಬ್ಬಿಗೆ. ಕೊಬ್ಬಿಗೆ ಅಂಟಿದವಕ್ಕೆ ಗ್ಲೈಕೋಲಿಪಿಡ್ ಅನ್ನುತ್ತಾರೆ. ಅಂಥ ಒಂದನ್ನು ಬುಡದಿಂದ ತುದಿಗೆ ನೋಡೋಣ. ಬುಡದಲ್ಲಿ ಸೆರಮೈಡ್ ಎಂಬ ಕೊಬ್ಬು. ಅದಕ್ಕೆ ಮೊದಲು ಗ್ಲೂಕೋಸ್, ಆಮೇಲೆ ಗ್ಯಾಲಕ್ಟೋಸ್, ಆಮೇಲೆ ಎನ್-ಅಸಿಟೈಲ್ ಗ್ಲೂಕೋಸಮೈನ್, ಮತ್ತೆ ಒಂದು ಗ್ಯಾಲಕ್ಟೋಸ್. ಈ ಕೊನೆಯ ಗ್ಯಾಲಕ್ಟೋಸ್‌ಗೆ ಫ್ಯೂಕೋಸ್ ಎಂಬ ಸಕ್ಕರೆ ಸೇರಿದರೆ ಅದು ಎಚ್. ಎಚ್‌ಗೆ ಎನ್-ಅಸಿಟೈಲ್ ಗ್ಯಾಲಕ್ಟೋಸಮೈನ್ ಸೇರಿದರೆ ಎ, ಗ್ಯಾಲಕ್ಟೋಸ್ ಸೇರಿದರೆ ಬಿ. ಒಂದೊಂದು ಹೆಜ್ಜೆಗೂ ಒಂದೊಂದು ಕಿಣ್ವ ಇದೆ.

ಫ್ಯೂಕೋಸ್ ಸೇರಿಸುವ ಕಿಣ್ವಕ್ಕೆ ಎಫ್‌ಯುಟಿ1 ಅಂತ ಹೆಸರು. ಅದು ಕೆಲಸ ಮಾಡದಿದ್ದರೆ ಎಚ್ ಇಲ್ಲ. ಎಚ್ ಇಲ್ಲದಿದ್ದರೆ ಎ ಕಿಣ್ವ, ಬಿ ಕಿಣ್ವ ಮೈಯಲ್ಲಿದ್ದರೂ ಕೈಕಟ್ಟಿ ಕೂರಬೇಕು, ಅವಕ್ಕೆ ಹಿಡಿದುಕೊಳ್ಳಲು ಜಾಗವೇ ಇರುವುದಿಲ್ಲ. ಹೀಗಾಗಿ ಬಾಂಬೆ ರಕ್ತದವರು ಒಳಗೆ ಯಾವ ಗುಂಪಿನ ಜೀನ್ ಇಟ್ಟುಕೊಂಡಿದ್ದರೂ ಹೊರಗೆ ಓ ಥರ ಕಾಣುತ್ತಾರೆ.

ತನ್ನಲ್ಲಿಲ್ಲದ ಸಕ್ಕರೆಯ ವಿರುದ್ಧ ದೇಹ ಚಿಕ್ಕಂದಿನಿಂದಲೇ ಪ್ರತಿಕಾಯ ತಯಾರಿಸುತ್ತದೆ. ಕರುಳಿನ ಬ್ಯಾಕ್ಟೀರಿಯಾಗಳ ಮೇಲೆ ಇಂಥದೇ ಸಕ್ಕರೆಗಳಿರುತ್ತವೆ, ದೇಹ ಅವನ್ನು ನೋಡಿ ಕಲಿಯುತ್ತದೆ. ಈಕೆಯ ಸೀರಂನಲ್ಲಿ ಆಂಟಿ-ಎ, ಆಂಟಿ-ಬಿ ಜೊತೆಗೆ ಆಂಟಿ-ಎಚ್ ಕೂಡ ಇದೆ. ‘ಯಾರಿಗಾದರೂ ಕೊಡಬಹುದು’ ಅನ್ನುವ ಓ ರಕ್ತವೂ ಈಕೆಗೆ ಅಪಾಯವೇ, ಯಾಕೆಂದರೆ ಎಚ್ ಜಾಸ್ತಿ ಇರುವುದು ಓ ಕಣದ ಮೇಲೇ.

ಇಲಿಯ ಕೋಶಗಳಲ್ಲಿ ಸಿಕ್ಕ ಜೀನ್

ಈ ಕಿಣ್ವದ ಜೀನ್ ಸಿಕ್ಕ ಬಗೆಯನ್ನು ಓದಿದಾಗ ನನಗೆ ನಮ್ಮ ಮೂರನೇ ಟ್ಯೂಬಿನ ಬೆಲೆ ಇನ್ನೂ ಚೆನ್ನಾಗಿ ಅರ್ಥವಾಯಿತು. ಕಿಣ್ವವನ್ನೇ ಶುದ್ಧ ಮಾಡಿ ಅದರಿಂದ ಜೀನ್‌ಗೆ ಹೋಗುವುದು ಆ ಕಾಲಕ್ಕೆ ಭಾರಿ ಕಷ್ಟ. ಇಂಥ ಕಿಣ್ವಗಳು ಕೋಶದಲ್ಲಿ ಇರುವುದೇ ತೀರಾ ಕೊಂಚ. ಅಮೆರಿಕದ ಮಿಷಿಗನ್‌ನಲ್ಲಿ ಜಾನ್ ಲೋವ್ ಅವರ ತಂಡ ಬೇರೆ ದಾರಿ ಹಿಡಿಯಿತು.

ಪ್ರಯೋಗಾಲಯದಲ್ಲಿ ಬೆಳೆಸುವ ಒಂದು ಬಗೆಯ ಇಲಿ ಕೋಶಗಳಿವೆ. ಅವುಗಳ ಮೇಲೆ ಕೊನೆಯ ಗ್ಯಾಲಕ್ಟೋಸ್‌ವರೆಗಿನ ಸರಪಣಿ ಇರುತ್ತದೆ, ಫ್ಯೂಕೋಸ್ ಕೂಡ ಕೋಶದೊಳಗೆ ತಯಾರಿರುತ್ತದೆ, ಆದರೆ ಎಚ್ ಇರುವುದಿಲ್ಲ. ಮನುಷ್ಯನ ಡಿಎನ್‌ಎ ತುಂಡುಗಳನ್ನು ಈ ಕೋಶಗಳಿಗೆ ಸೇರಿಸಿದರು. ಲಕ್ಷಾಂತರ ಕೋಶಗಳಲ್ಲಿ ಎಲ್ಲೋ ಕೆಲವಕ್ಕೆ ಮಾತ್ರ ಸರಿಯಾದ ತುಂಡು ಸಿಗುತ್ತದೆ. ಅವುಗಳ ಮೈಮೇಲೆ ಎಚ್ ಮೂಡುತ್ತದೆ. ಆಂಟಿ-ಎಚ್ ಪ್ರತಿಕಾಯ ಹಾಕಿ ಅಂಥವನ್ನು ಮಾತ್ರ ಹಿಡಿದು ತೆಗೆದರು. ಆ ಕೋಶಗಳ ಡಿಎನ್‌ಎಯನ್ನು ಹೊಸ ಇಲಿ ಕೋಶಗಳಿಗೆ ಸೇರಿಸಿ ಮತ್ತೊಮ್ಮೆ ಆರಿಸಿದರು. ಎರಡನೇ ಸುತ್ತಿನಲ್ಲೂ ಎಚ್ ಜೊತೆಗೇ ಬಂದ ಮನುಷ್ಯನ ತುಂಡು ಯಾವುದು ಅಂತ ನೋಡಿದರೆ ಅದರಲ್ಲೇ ಜೀನ್ ಇತ್ತು. 1989ರಲ್ಲಿ ಆ ತುಂಡು, 1990ರಲ್ಲಿ ಪೂರ್ತಿ ಓದು. 365 ಅಮೈನೋ ಆಮ್ಲಗಳ ಪ್ರೋಟೀನು. ಒಂದು ತುದಿ ಪೊರೆಯಲ್ಲಿ ನಾಟಿಕೊಂಡು, ಕೆಲಸ ಮಾಡುವ ಭಾಗ ಗಾಲ್ಜಿಯ (ಕೋಶದೊಳಗೆ ಸಕ್ಕರೆ ಜೋಡಣೆ ನಡೆಯುವ ಚೀಲದಂಥ ಭಾಗ) ಒಳಕ್ಕೆ ಚಾಚಿಕೊಂಡಿರುತ್ತದೆ.

ಅಲ್ಲಿ ಇಲಿ ಕೋಶದ ಮೇಲೆ ಎಚ್ ಮೂಡಿದೆಯಾ ಅಂತ ಹುಡುಕಿದರು. ಇಲ್ಲಿ ನಾವು ಮನುಷ್ಯನ ಕಣದ ಮೇಲೆ ಎಚ್ ಇಲ್ಲವಾ ಅಂತ ಹುಡುಕುತ್ತೇವೆ. ಸಾಧನ ಎರಡೂ ಕಡೆ ಒಂದೇ ಬಗೆಯದು, ಎಚ್‌ಗೆ ಅಂಟುವ ಒಂದು ಪ್ರೋಟೀನು, ಅಲ್ಲಿ ಪ್ರತಿಕಾಯ, ಇಲ್ಲಿ ಬೀಜದ ಸಾರ.

1994ರಲ್ಲಿ ಇದೇ ತಂಡ ಬಾಂಬೆ ರಕ್ತದವರಲ್ಲಿ ಈ ಜೀನ್ ಕೆಟ್ಟಿರುವುದನ್ನು ತೋರಿಸಿತು. 1995ರಲ್ಲಿ ಪಕ್ಕದ ಜೀನ್ ಎಫ್‌ಯುಟಿ2 ಸಿಕ್ಕಿತು. ಎರಡೂ 19ನೇ ವರ್ಣತಂತುವಿನ ಮೇಲೆ ಅಕ್ಕಪಕ್ಕ ಇವೆ. ಮಾಡುವ ಕೆಲಸವೂ ಒಂದೇ, ಜಾಗ ಮಾತ್ರ ಬೇರೆ. ಎಫ್‌ಯುಟಿ1 ಕೆಂಪು ಕಣಗಳಿಗೆ, ಎಫ್‌ಯುಟಿ2 ಜೊಲ್ಲು, ಕರುಳು, ಎದೆಹಾಲಿಗೆ.

ಈಕೆಯ ಡಿಎನ್‌ಎ ಬೆಂಗಳೂರಿನ ಒಂದು ಪ್ರಯೋಗಾಲಯಕ್ಕೆ ಹೋಯಿತು. ಎಫ್‌ಯುಟಿ1ರ 725ನೇ ಅಕ್ಷರ ಟಿ ಇರಬೇಕಾದ ಕಡೆ ಎರಡೂ ಪ್ರತಿಯಲ್ಲಿ ಜಿ ಇತ್ತು. ಇದರಿಂದ 242ನೇ ಅಮೈನೋ ಆಮ್ಲ ಲ್ಯೂಸಿನ್ ಹೋಗಿ ಆರ್ಜಿನಿನ್ ಆಗುತ್ತದೆ. ಲ್ಯೂಸಿನ್ ನೀರಿನಿಂದ ದೂರ ಇರಲು ಬಯಸುವ ಅಣು, ಆರ್ಜಿನಿನ್ ವಿದ್ಯುದಂಶ ಹೊತ್ತ ಅಣು, ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಎಫ್‌ಯುಟಿ2 ಅಂತೂ ಸಿಗಲೇ ಇಲ್ಲ, ಆ ಜೀನ್ ಪೂರ್ತಿ ಕಳಚಿಹೋಗಿತ್ತು. ಭಾರತದ ಬಾಂಬೆ ರಕ್ತದವರಲ್ಲಿ ಈ ಜೋಡಿ ಇರುವುದನ್ನು ಜಪಾನಿನ ಸಂಶೋಧಕರು 1997ರಲ್ಲೇ ತೋರಿಸಿದ್ದರು. ಬದಲಾದ ಜೀನನ್ನು ಕೋಶಗಳಿಗೆ ಸೇರಿಸಿದರೆ ಕಿಣ್ವ ಕೆಲಸ ಮಾಡುವುದಿಲ್ಲ ಅನ್ನುವುದನ್ನೂ ಅವರೇ ನೋಡಿದರು.

ಎಬಿಒ ಜೀನ್ ಕೂಡ ಓದಿಸಿದ್ದೆವು. ಒಂದು ಪ್ರತಿ ಓ, ಇನ್ನೊಂದು ಎ.

ಅತ್ತೆ ಕೇಳಿದ್ದು

ಆ ಒಂದು ಎ ಈ ಮನೆಗೆ ಎಷ್ಟು ಮುಖ್ಯವಾಯಿತು ಅಂದರೆ, ನನ್ನ ಮಟ್ಟಿಗೆ ಪ್ರಕರಣದ ಜೀವ ಇರುವುದೇ ಇಲ್ಲಿ.

ಈಕೆಯ ಮೊದಲ ಮಗುವಿನ ಗುಂಪು ಎಬಿ. ಗಂಡ ಬಿ. ತಾಯಿ ಓ ಅಂತ ಕಾರ್ಡಿನಲ್ಲಿದೆ. ಓ ತಾಯಿಗೆ ಎಬಿ ಮಗು ಹುಟ್ಟುವುದಿಲ್ಲ ಅಂತ ಹತ್ತನೇ ಕ್ಲಾಸಿನ ಮಕ್ಕಳಿಗೂ ಗೊತ್ತು. ಮಗುವಿಗೆ ಜ್ವರ ಬಂದಾಗ ಮಾಡಿಸಿದ ಪರೀಕ್ಷೆಯಲ್ಲಿ ಇದು ಹೊರಬಿದ್ದಿತ್ತು. ಆಸ್ಪತ್ರೆಯಲ್ಲಿ ಮಗು ಅದಲುಬದಲಾಗಿದೆ ಅಂತ ಯಾರೋ ನೆಂಟರು ಹೇಳಿದ್ದಾರೆ. ಆ ಮಾತು ಮನೆಯೊಳಗೆ ಎರಡು ವರ್ಷದಿಂದ ಓಡಾಡುತ್ತಿತ್ತು. ಜೋರಾಗಿ ಯಾರೂ ಕೇಳಿರಲಿಲ್ಲ. ಸೊಸೆಗೆ ಮಾತ್ರ ಎಲ್ಲಾ ಗೊತ್ತಿತ್ತು.

ನಾನು ವಿವರ ಹೇಳಲು ಕೂರಿಸಿದಾಗ ಅತ್ತೆಯೇ ಬಾಯಿ ಬಿಟ್ಟರು. ಮನೆಮಾತು ತೆಲುಗು, ನನ್ನ ಜೊತೆ ಕನ್ನಡದಲ್ಲಿ ಮಾತಾಡಿದರು. “ಮೇಡಂ, ಇವಳ ರಕ್ತದಲ್ಲಿ ಏನೋ ಇಲ್ಲ ಅಂತೀರಿ. ಅಂಗಾದ್ರೆ ಮಗು ನಮ್ದೇನಾ?”

“ನಿಮ್ದೇ ಅಮ್ಮ. ಬಿ ನಿಮ್ಮ ಮಗನಿಂದ ಬಂದಿದೆ, ಎ ನಿಮ್ಮ ಸೊಸೆಯಿಂದ ಬಂದಿದೆ. ಅವಳ ಹತ್ರ ಎ ಇದೆ, ಅವಳ ರಕ್ತದಲ್ಲಿ ಅದು ಕಾಣಿಸಿಕೊಳ್ಳೋಕೆ ಆಗಲ್ಲ ಅಷ್ಟೇ. ಮಗುಗೆ ಅಪ್ಪನ ಕಡೆಯಿಂದ ಎಚ್ ಸಿಕ್ಕಿದೆ, ಅದಕ್ಕೆ ಮಗುವಿನಲ್ಲಿ ಎರಡೂ ಕಾಣ್ತಿವೆ.”

ಕಾಗದದ ಮೇಲೆ ಗೀಟು ಎಳೆದು ಇನ್ನೊಮ್ಮೆ ತೋರಿಸಿದೆ. ಸೊಸೆಯ ತಾಯಿಯ ಗುಂಪು ಎ ಅಂತ ಅಷ್ಟು ಹೊತ್ತಿಗೆ ನೋಡಿಯಾಗಿತ್ತು, ಎ ಬಂದ ದಾರಿ ಅದು. ಅತ್ತೆ ಕಾಗದ ಇಸ್ಕೊಂಡು ಮಡಚಿ ಸೆರಗಿಗೆ ಗಂಟು ಹಾಕಿಕೊಂಡರು. ಸೊಸೆ ಏನೂ ಮಾತಾಡಲಿಲ್ಲ, ಕಣ್ಣು ಒರೆಸಿಕೊಂಡಳು.

ಕಾರ್ಡಿನ ಮೇಲೆ ಒಂದು ಅಕ್ಷರ ಅರ್ಧ ಪರೀಕ್ಷೆ ಮಾಡಿ ಬರೆದದ್ದಕ್ಕೆ ಒಬ್ಬ ಹೆಣ್ಣುಮಗಳು ಎರಡು ವರ್ಷ ಅನುಭವಿಸಿದಳು. ಇದನ್ನು ಸಣ್ಣ ವಿಷಯ ಅಂತ ನಾನು ಒಪ್ಪುವುದಿಲ್ಲ.

ಆಮೇಲೆ ಅತ್ತೆಯ ಎರಡನೇ ಪ್ರಶ್ನೆ: “ಇದು ಕಾಯಿಲೆನಾ? ಹೊಟ್ಟೆಲಿರೋ ಕೂಸಿಗೆ ಏನಾದ್ರೂ ಆಗ್ತದಾ?”

ಕಾಯಿಲೆ ಯಾಕಲ್ಲ

ಅಲ್ಲ ಅಂತ ಒಂದೇ ಮಾತಿನಲ್ಲಿ ಹೇಳಿ ಕಳಿಸಿದೆ. ಹಾಗೆ ಧೈರ್ಯವಾಗಿ ಹೇಳಲು ಆಧಾರ ಎಲ್ಲಿದೆ ಅನ್ನುವುದನ್ನು ಇಲ್ಲಿ ಬರೆಯಬೇಕು. ಅದು ಇರುವುದು ಈ ಕಿಣ್ವದ ವಂಶಾವಳಿಯಲ್ಲಿ.

ಫ್ಯೂಕೋಸ್ ಜೋಡಿಸುವ ಈ ಬಗೆಯ ಕಿಣ್ವಗಳು ಬಹಳ ಹಳೆಯವು. ಸಸ್ತನಿಗಳಲ್ಲಿವೆ, ಹುಳುಗಳಲ್ಲಿವೆ, ಬ್ಯಾಕ್ಟೀರಿಯಾದಲ್ಲೂ ಇವೆ. ಹೊಟ್ಟೆಯಲ್ಲಿ ಹುಣ್ಣು ಮಾಡುವ ಹೆಲಿಕೋಬ್ಯಾಕ್ಟರ್ ಪೈಲೋರಿ ತನ್ನದೇ ಕಿಣ್ವದಿಂದ ನಮ್ಮ ಜಠರದ ಮೇಲಿರುವಂಥದೇ ಸಕ್ಕರೆ ಕಟ್ಟಿಕೊಂಡು ಕೂರುತ್ತದೆ. ಇವುಗಳ ಅಮೈನೋ ಆಮ್ಲದ ಸಾಲುಗಳನ್ನು ಒಂದರ ಕೆಳಗೊಂದು ಇಟ್ಟು ನೋಡಿದರೆ ಬಹುಪಾಲು ಕಡೆ ಹೋಲಿಕೆ ಇರುವುದಿಲ್ಲ. ಮೂರು ಸಣ್ಣ ತುಣುಕುಗಳು ಮಾತ್ರ ಎದ್ದು ಕಾಣುತ್ತವೆ. ಮೊದಲನೆಯದರಲ್ಲಿ ಒಂದು ಹಿಸ್ಟಿಡಿನ್, ನಡುವೆ ಯಾವುದೋ ಒಂದು, ಆಮೇಲೆ ಎರಡು ಆರ್ಜಿನಿನ್, ಮತ್ತೆ ಯಾವುದೋ ಒಂದು, ಕೊನೆಗೆ ಆಸ್ಪಾರ್ಟಿಕ್ ಆಮ್ಲ. ಫ್ಯೂಕೋಸನ್ನು ಬೇರೆ ಜಾಗಕ್ಕೆ ಜೋಡಿಸುವ ದೂರದ ದಾಯಾದಿ ಕಿಣ್ವಗಳಲ್ಲೂ ಈ ತುಣುಕು ಉಳಿದುಕೊಂಡಿದೆ. ಅಂಥ ಒಂದು ಕಿಣ್ವದಲ್ಲಿ ಆ ಆರ್ಜಿನಿನ್‌ಗಳನ್ನು ಬದಲಿಸಿದರೆ ಕೆಲಸ ನಿಂತುಹೋಗುತ್ತದೆ.

ಇಷ್ಟು ಕಾಪಾಡಿಕೊಂಡು ಬಂದ ಕಿಣ್ವ ಅಂದಮೇಲೆ ಅದಿಲ್ಲದೆ ಬದುಕಲು ಆಗಬಾರದಲ್ವಾ? ಇಲ್ಲೇ ನೋಡಬೇಕಾದ್ದು, ಯಾವ ಕಿಣ್ವ ಅನ್ನುವುದರ ಜೊತೆಗೆ ಅದು ಸರಪಣಿಯ ಯಾವ ಹೆಜ್ಜೆಯಲ್ಲಿದೆ ಅನ್ನುವುದನ್ನು. ಬುಡದಲ್ಲಿ ಸೆರಮೈಡ್‌ಗೆ ಮೊದಲ ಗ್ಲೂಕೋಸ್ ಜೋಡಿಸುವ ಕಿಣ್ವದ ಜೀನನ್ನು 1996ರಲ್ಲಿ ಜಪಾನಿನ ಇಚಿಕಾವಾ, ಹಿರಾಬಯಾಶಿ ಮತ್ತು ಜೊತೆಗಾರರು ಬೇರ್ಪಡಿಸಿ ಓದಿದರು. ಅವರೂ ಇಂಥದೇ ಉಪಾಯ ಬಳಸಿದರು, ಗ್ಲೈಕೋಲಿಪಿಡ್ ಕಟ್ಟಲಾಗದ ಇಲಿ ಕೋಶಕ್ಕೆ ಮನುಷ್ಯನ ಜೀನ್ ಸೇರಿಸಿ ಯಾವುದು ಅದನ್ನು ಸರಿಪಡಿಸುತ್ತದೆ ಅಂತ ನೋಡಿದರು. ಆ ಜೀನನ್ನು ಇಲಿಯಿಂದ ತೆಗೆದರೆ ಭ್ರೂಣ ಮೊದಲ ದಿನಗಳಲ್ಲೇ ಸಾಯುತ್ತದೆ ಅಂತ 1999ರಲ್ಲಿ ಗೊತ್ತಾಯಿತು. ಮನೆಗೆ ಪಾಯವೇ ಬೀಳದಿದ್ದರೆ ಗೋಡೆ ಏಳುವುದಿಲ್ಲ, ಮಹಡಿಯ ಮೇಲಿನ ಕೈಗೋಡೆ ಕಟ್ಟದೆ ಬಿಟ್ಟರೆ ಮನೆಯಲ್ಲಿ ವಾಸಕ್ಕೇನೂ ಅಡ್ಡಿಯಿಲ್ಲ. ಎಫ್‌ಯುಟಿ1 ಕೆಲಸ ಮಾಡುವುದು ತುದಿಯಲ್ಲಿ.

ಇದಕ್ಕೆ ನೇರ ಸಾಕ್ಷಿಯೂ ಇದೆ. 2001ರಲ್ಲಿ ಲೋವ್ ಅವರ ತಂಡದವರೇ ಎಫ್‌ಯುಟಿ1 ಇಲ್ಲದ ಇಲಿಗಳನ್ನೂ, ಎಫ್‌ಯುಟಿ2 ಇಲ್ಲದ ಇಲಿಗಳನ್ನೂ ಬೆಳೆಸಿದರು. ಗರ್ಭಕೋಶದ ಒಳಪದರದ ಈ ಸಕ್ಕರೆ ಗರ್ಭ ಕಟ್ಟಲು ಬೇಕೇಬೇಕು ಅನ್ನುವ ನಂಬಿಕೆ ಆಗ ಇತ್ತು. ಇಲಿಗಳು ಚೆನ್ನಾಗಿ ಬೆಳೆದವು, ಎಂದಿನಂತೆ ಮರಿ ಹಾಕಿದವು. ನನ್ನ ಮುಂದೆ ಕೂತಿದ್ದ ಬಸುರಿಗೆ ಇದಕ್ಕಿಂತ ಹತ್ತಿರದ ಪ್ರಯೋಗ ಬೇಕಾ?

ಕೆಂಪು ಕಣದ ಮೇಲೆ ಎಚ್ ಇರುವುದು ಪ್ರಾಣಿಲೋಕದ ಪದ್ಧತಿಯೂ ಅಲ್ಲ. ಮಂಗಗಳ ಜೊಲ್ಲಿನಲ್ಲಿ, ಕರುಳಿನಲ್ಲಿ ಎ, ಬಿ, ಎಚ್ ಎಲ್ಲಾ ಇರುತ್ತವೆ, ಕೆಂಪು ಕಣದ ಮೇಲೆ ಇರುವುದಿಲ್ಲ. ಚಿಂಪಾಂಜಿಯಂಥ ವಾನರಗಳು ಮತ್ತು ನಮ್ಮಲ್ಲಿ ಮಾತ್ರ ಅದು ಕೆಂಪು ಕಣಕ್ಕೆ ಬಂದಿದೆ. ನಮ್ಮ ಈ ಗುಂಪಿನ ಎಫ್‌ಯುಟಿ1 ಜೀನಿನ ಒಳಗೆ ಅಲು ಎಂಬ ಡಿಎನ್‌ಎ ತುಂಡೊಂದು ಬಂದು ಸೇರಿಕೊಂಡಿದೆ, ಮಂಗಗಳಲ್ಲಿ ಅದಿಲ್ಲ. ಕೆಂಪು ಕಣದಲ್ಲಿ ಜೀನ್ ಎಚ್ಚರಗೊಂಡದ್ದಕ್ಕೂ ಆ ತುಂಡಿಗೂ ನಂಟಿದೆ ಅಂತ 2000ದಲ್ಲಿ ಫ್ರಾನ್ಸಿನ ಸಂಶೋಧಕರು ಬರೆದರು. ಈಕೆಯ ಎಫ್‌ಯುಟಿ2 ಕಳಚಿಹೋದದ್ದೂ ಅಲು ತುಂಡುಗಳ ನಡುವಿನ ಅದಲುಬದಲಿನಿಂದಲೇ. ಒಟ್ಟಿನಲ್ಲಿ ಈಕೆಯ ಕೆಂಪು ಕಣ ಈ ಒಂದು ವಿಷಯದಲ್ಲಿ ಬಹುಪಾಲು ಸಸ್ತನಿಗಳ ಕೆಂಪು ಕಣದ ಹಾಗಿದೆ.

ಎಚ್ ಇಲ್ಲದಿರುವುದು ಅನುಕೂಲವಾಗುವ ಕಡೆಗಳೂ ಇವೆ. ಹಂದಿಮರಿಗಳ ಕರುಳಿನಲ್ಲಿ ಎಚ್ ಇರುವ ಗ್ಲೈಕೋಲಿಪಿಡ್‌ಗೆ ಒಂದು ಬಗೆಯ ಇ. ಕೋಲಿ ಕಚ್ಚಿಕೊಂಡು ಭೇದಿ, ಬಾವು ತರುತ್ತದೆ. ಹಂದಿಯ ಎಫ್‌ಯುಟಿ1ರಲ್ಲಿ ಒಂದು ಅಕ್ಷರ ಬೇರೆ ಇರುವ ಮರಿಗಳಿಗೆ ಅದು ತಗುಲುವುದಿಲ್ಲ, ತಳಿ ಆರಿಸುವಾಗ ಇದನ್ನು ನೋಡುತ್ತಾರೆ. ಮನುಷ್ಯರಲ್ಲಿ ಎಫ್‌ಯುಟಿ2 ಕೆಲಸ ಮಾಡದವರಿಗೆ ವಾಂತಿಭೇದಿಯ ನೋರೋವೈರಸ್‌ನ ಕೆಲವು ತಳಿಗಳು ಅಂಟುವುದಿಲ್ಲ.

ಒಂದು ಎಚ್ಚರಿಕೆ ಇದೆ. ಬಾಂಬೆ ರಕ್ತದ ಜೊತೆಗೆ ಮಗುವಿಗೆ ಪದೇಪದೇ ಸೋಂಕು, ಬುದ್ಧಿ ಬೆಳವಣಿಗೆಯಲ್ಲಿ ಹಿನ್ನಡೆ ಇದ್ದರೆ ಅದು ಬೇರೆ ವಿಷಯ. ಅಂಥ ಮಕ್ಕಳನ್ನು 1992ರಲ್ಲಿ ಮೊದಲು ವರದಿ ಮಾಡಿದರು. ಅಲ್ಲಿ ಎಫ್‌ಯುಟಿ1 ಸರಿ ಇರುತ್ತದೆ, ಫ್ಯೂಕೋಸನ್ನು ಗಾಲ್ಜಿಯ ಒಳಕ್ಕೆ ಸಾಗಿಸುವ ಪ್ರೋಟೀನು ಕೆಟ್ಟಿರುತ್ತದೆ. ಫ್ಯೂಕೋಸ್ ಬೇಕಾದ ಎಲ್ಲ ಕಡೆಗೂ ಕೊರತೆ ಬೀಳುತ್ತದೆ. ಈಕೆಯಲ್ಲಿ ಅದರ ಯಾವ ಲಕ್ಷಣವೂ ಇರಲಿಲ್ಲ, ಬಿಳಿ ರಕ್ತಕಣಗಳ ಸಂಖ್ಯೆಯೂ ಸರಿಯಾಗಿತ್ತು.

ಸೋದರಮಾವನ ಜೊತೆ ಮದುವೆ

ಈಕೆಯ ತಾಯಿ ಮದುವೆಯಾಗಿದ್ದು ತನ್ನ ಸೋದರಮಾವನನ್ನೇ. ನಮ್ಮ ಸೀಮೆಯಲ್ಲಿ ಇದು ಹೊಸದಲ್ಲ, ಅಕ್ಕನ ಮಗಳನ್ನು ತರುವುದು ಮೊದಲಿಂದ ಇದೆ.

ಲೆಕ್ಕ ಹೀಗೆ. ಬಾಂಬೆ ರಕ್ತ ಬರಬೇಕಾದರೆ ಕೆಟ್ಟ ಎಫ್‌ಯುಟಿ1 ಅಪ್ಪನಿಂದಲೂ ಬರಬೇಕು, ಅಮ್ಮನಿಂದಲೂ ಬರಬೇಕು. 10,000ಕ್ಕೆ ಒಬ್ಬರು ಅಂತ ಇಟ್ಟುಕೊಂಡರೆ ಈ ಜೀನಿನ ಪ್ರತಿಗಳಲ್ಲಿ 100ಕ್ಕೆ ಒಂದು ಕೆಟ್ಟದ್ದು. ಸೋದರಮಾವ ಮತ್ತು ಅಕ್ಕನ ಮಗಳ ಮಕ್ಕಳಲ್ಲಿ, ಯಾವುದೇ ಜೀನಿನ ಎರಡೂ ಪ್ರತಿ ಒಬ್ಬರೇ ಪೂರ್ವಜರಿಂದ ಬಂದಿರುವ ಸಾಧ್ಯತೆ ಎಂಟರಲ್ಲಿ ಒಂದು. ಇದನ್ನು ಸೇರಿಸಿದರೆ ಬಾಂಬೆ ರಕ್ತದ ಸಾಧ್ಯತೆ ಸುಮಾರು 750ಕ್ಕೆ ಒಂದಾಗುತ್ತದೆ. ಅತ್ತೆ ಮಗ, ಮಾವನ ಮಗಳ ಮದುವೆಯಲ್ಲಿ ಸುಮಾರು 1,400ಕ್ಕೆ ಒಂದು. ಮನೆಯವರನ್ನು ಬೈಯಲು ಈ ಲೆಕ್ಕ ಮಾಡಿದ್ದಲ್ಲ. ಇಂಥ ಮದುವೆಗಳಿರುವ ಜಿಲ್ಲೆಯ ಯಾವ ಪ್ರಯೋಗಾಲಯವೂ ಬಾಂಬೆ ರಕ್ತ ನಮಗೆಲ್ಲಿ ಬರುತ್ತದೆ ಅಂತ ಕೂರಬಾರದು ಅನ್ನುವುದಕ್ಕೆ.

ಇದೇ ಲೆಕ್ಕ ರಕ್ತ ಹುಡುಕಲೂ ದಾರಿ ತೋರಿಸುತ್ತದೆ. ಅಪ್ಪ ಅಮ್ಮ ಇಬ್ಬರಲ್ಲೂ ಒಂದೊಂದು ಕೆಟ್ಟ ಪ್ರತಿ ಇದ್ದರೆ ಪ್ರತಿ ಒಡಹುಟ್ಟಿದವರಿಗೂ ಬಾಂಬೆ ಆಗುವ ಸಾಧ್ಯತೆ ನಾಲ್ಕರಲ್ಲಿ ಒಂದು. ಊರೂರಿಗೆ ವಾಟ್ಸಾಪ್ ಕಳಿಸುವ ಮುಂಚೆ ಅಕ್ಕ, ತಮ್ಮ, ತಂಗಿಯನ್ನು ಕರೆಸಬೇಕು. ಅಕ್ಕ ಎ. ತಂಗಿ ಓ, ಎಚ್ ಇದೆ. ನರಸಾಪುರದ ಕಡೆ ಕಾರ್ಖಾನೆಯಲ್ಲಿ ಕೆಲಸ ಮಾಡುವ ತಮ್ಮನ ಕಣಗಳು ಯುಲೆಕ್ಸ್ ಹಾಕಿದರೆ ಸುಮ್ಮನಿದ್ದವು. ಈಕೆಯ ಸೀರಂ ಜೊತೆ ಕ್ರಾಸ್‌ಮ್ಯಾಚ್ ಹಾಕಿದೆವು, ಟ್ಯೂಬ್ ನಯವಾಗಿ ಕದಡಿತು. ಅವನ ಕಾರ್ಡಿನಲ್ಲೂ ಓ ಪಾಸಿಟಿವ್ ಅಂತಲೇ ಇತ್ತು.

ಹೆರಿಗೆಗೆ ತಯಾರಿ

ಮೊದಲ ಕೆಲಸ ರಕ್ತವೇ ಬೇಕಾಗದ ಹಾಗೆ ಮಾಡುವುದು. ಡಾಕ್ಟರು ರಕ್ತನಾಳದ ಮೂಲಕ ಐರನ್ ಸುಕ್ರೋಸ್ ಕೊಡಲು ಶುರು ಮಾಡಿದರು. ಒಂಬತ್ತು ತಿಂಗಳು ತುಂಬುವ ಹೊತ್ತಿಗೆ ಹಿಮೋಗ್ಲೋಬಿನ್ 10 ದಾಟಿತು. ತನ್ನ ರಕ್ತವನ್ನೇ ಮೊದಲೇ ತೆಗೆದಿಡುವ ಪದ್ಧತಿಯೂ ಇದೆ, ಇಷ್ಟು ರಕ್ತಹೀನತೆ ಇರುವವರಿಗೆ ಅದು ಆಗುವ ಮಾತಲ್ಲ.

ತಮ್ಮ ರಕ್ತ ಕೊಡಲು ತಯಾರಿದ್ದ. ತೂಕ, ಹಿಮೋಗ್ಲೋಬಿನ್, ಸೋಂಕಿನ ಪರೀಕ್ಷೆ ಎಲ್ಲಾ ಸರಿ ಬಂದವು. ಒಡಹುಟ್ಟಿದವರ ರಕ್ತದಲ್ಲಿ ಒಂದು ಅಪಾಯ ಇದೆ, ಇದನ್ನು ಬಹಳ ಕಡೆ ಮರೆಯುತ್ತಾರೆ. ಬ್ಯಾಗಿನಲ್ಲಿ ಉಳಿದ ದಾನಿಯ ಬಿಳಿ ಕಣಗಳನ್ನು ರೋಗಿಯ ದೇಹ ‘ನಮ್ಮವೇ’ ಅಂತ ಬಿಟ್ಟುಬಿಡಬಹುದು. ಆಮೇಲೆ ಆ ಕಣಗಳೇ ರೋಗಿಯ ಚರ್ಮ, ಕರುಳು, ಮೂಳೆಮಜ್ಜೆಯ ಮೇಲೆ ಬೀಳುತ್ತವೆ. ಹೀಗಾದರೆ ರೋಗಿ ಉಳಿಯುವುದು ಕಷ್ಟ. ಅದಕ್ಕೇ ರಕ್ತಸಂಬಂಧಿಯ ಬ್ಯಾಗಿಗೆ 25 ಗ್ರೇ ವಿಕಿರಣ ಕೊಡಿಸಬೇಕು. ಆ ಯಂತ್ರ ನಮ್ಮಲ್ಲಿಲ್ಲ. ಶಸ್ತ್ರಚಿಕಿತ್ಸೆಯ ದಿನ ಗೊತ್ತಾದ ಮೇಲೆ ತಮ್ಮನಿಂದ ಬ್ಯಾಗ್ ತೆಗೆದು, ಬೆಂಗಳೂರಿಗೆ ತಣ್ಣನೆಯ ಪೆಟ್ಟಿಗೆಯಲ್ಲಿ ಕಳಿಸಿ, ವಿಕಿರಣ ಮಾಡಿಸಿ ತರಿಸಿದೆವು. ವಿಕಿರಣ ಕೊಟ್ಟ ಮೇಲೆ ಬ್ಯಾಗಿನ ಬಾಳಿಕೆ ಕಡಿಮೆಯಾಗುತ್ತದೆ, ಕಣಗಳಿಂದ ಪೊಟ್ಯಾಸಿಯಂ ಹೊರಕ್ಕೆ ಸೋರುತ್ತದೆ, ಹಾಗಾಗಿ ತುಂಬ ಮೊದಲೇ ಮಾಡಿಸುವಂತಿಲ್ಲ.

ಸಿಸೇರಿಯನ್ ಸುಸೂತ್ರವಾಗಿ ಆಯಿತು. ಬ್ಯಾಗ್ ತೆರೆಯಬೇಕಾಗಲಿಲ್ಲ. ಹೊಕ್ಕುಳಬಳ್ಳಿಯ ರಕ್ತದಲ್ಲಿ ತಾಯಿಯ ಪ್ರತಿಕಾಯ ಕಣಗಳಿಗೆ ಅಂಟಿದೆಯಾ ಅಂತ ನೋಡಿದೆವು, ಇರಲಿಲ್ಲ. ಹೆಣ್ಣುಮಗು, ಗುಂಪು ಬಿ.

ಜೊಲ್ಲಿನ ಪರೀಕ್ಷೆ ಆಮೇಲೆ ಮಾಡಿದೆವು. ಅದರಲ್ಲೂ ಎಚ್ ಇರಲಿಲ್ಲ, ಎಫ್‌ಯುಟಿ2 ಇಲ್ಲ ಅನ್ನುವ ವರದಿಗೆ ತಾಳೆಯಾಯಿತು.

ಈಗ ನಮ್ಮಲ್ಲಿ

ಓ ಕಣದ ಮೂರನೇ ಟ್ಯೂಬಿಗೆ ಬೇರೆ ಖರ್ಚಿಲ್ಲ. ಫ್ರಿಜ್‌ನಲ್ಲಿರುವ ಓ ಬ್ಯಾಗಿನ ಕೊಳವೆಯ ತುಂಡಿನಿಂದ ಕಣ ತೆಗೆದು, ತೊಳೆದು ಬಳಸಿದರೆ ಆಯಿತು. ನಮಗೆ ರೋಗಿಗಳನ್ನು ಕಳಿಸುವ ತಾಲ್ಲೂಕಿನ ಪ್ರಯೋಗಾಲಯಗಳಿಗೂ ಇದನ್ನು ಹೇಳುತ್ತಿದ್ದೇವೆ. ಟ್ಯೂಬ್ ಪರೀಕ್ಷೆ ಮಾಡಲು ಅನುಕೂಲ ಇಲ್ಲದ ಕಡೆ ಸ್ಲೈಡ್ ಮೇಲೆ ಓ ಬಂದರೆ ಕಾರ್ಡಿನಲ್ಲಿ ‘ಖಚಿತಪಡಿಸಬೇಕು’ ಅಂತ ಸೇರಿಸಿ ಬರೆಯಿರಿ ಅಂತ ಕೇಳಿಕೊಂಡಿದ್ದೇವೆ. ಕೆಲವರು ಬರೆಯುತ್ತಿದ್ದಾರೆ. ದಾನಿಗಳಿಗೂ ಇದೇ ಪರೀಕ್ಷೆ ಬೇಕು, ಇಲ್ಲದಿದ್ದರೆ ತಮ್ಮನಂಥವರ ಬ್ಯಾಗ್ ಓ ಚೀಟಿ ಅಂಟಿಸಿಕೊಂಡು ಮಾಮೂಲಿ ರೋಗಿಗೆ ಹೋಗಿಬಿಡುತ್ತದೆ, ನಿಜವಾಗಿ ಬೇಕಾದವರಿಗೆ ಸಿಗುವುದಿಲ್ಲ.

ತಾಯಿ, ತಮ್ಮ ಇಬ್ಬರ ಕಾರ್ಡಿನಲ್ಲೂ ಓ ಹೊಡೆದುಹಾಕಿ ‘ಬಾಂಬೆ, ಆರ್‌ಎಚ್ ಪಾಸಿಟಿವ್. ಓ ರಕ್ತ ಕೊಡಬಾರದು’ ಅಂತ ಕೆಂಪು ಶಾಯಿಯಲ್ಲಿ ಕನ್ನಡದಲ್ಲೂ ಇಂಗ್ಲಿಷ್‌ನಲ್ಲೂ ಬರೆದುಕೊಟ್ಟೆವು. ತಮ್ಮನ ಒಪ್ಪಿಗೆ ಮೇಲೆ ಅವನ ಹೆಸರು ವಿರಳ ರಕ್ತದಾನಿಗಳ ಪಟ್ಟಿಗೆ ಸೇರಿತು. ಗಂಡಸರು 90 ದಿನಕ್ಕೊಮ್ಮೆ ಕೊಡಬಹುದು ನಿಜ, ಆದರೂ ಸುಮ್ನೆ ಶಿಬಿರಗಳಲ್ಲಿ ಕೊಡಬೇಡ, ಕರೆ ಬಂದಾಗ ಮಾತ್ರ ಕೊಡು ಅಂತ ಹೇಳಿದ್ದೇವೆ. ದೊಡ್ಡಕ್ಕನ ಮಕ್ಕಳನ್ನು ಇನ್ನೂ ಪರೀಕ್ಷೆಗೆ ಕರೆತಂದಿಲ್ಲ. ಮಾವಿನ ಸುಗ್ಗಿ ಮುಗಿದ ಮೇಲೆ ಕರೆದುಕೊಂಡು ಬರುತ್ತೇವೆ ಅಂದಿದ್ದಾರೆ.